ಬಡಗ: ಉಪಭಾಷೆಯೋ ಸ್ವತಂತ್ರ ಭಾಷೆಯೋ? ಒಂದು ವರ್ಗೀಕರಣದ ಇತಿಹಾಸ

2011ರ ಜನಗಣತಿಯ ಭಾಷಾ ಕೋಷ್ಟಕಗಳಲ್ಲಿ ‘ಕನ್ನಡ’ ಎಂಬ ಶೀರ್ಷಿಕೆಯ ಕೆಳಗೆ ಕಾಣುವ ಒಟ್ಟು ಸಂಖ್ಯೆ 4,37,06,512. ಈ ಮೊತ್ತದೊಳಗೇ, ಒಂದು ಉಪಸಾಲಿನಲ್ಲಿ, ‘ಬಡಗ’ವನ್ನು ಮಾತೃಭಾಷೆಯೆಂದು ಹೇಳಿದ 1,33,550 ಜನ ಸೇರಿದ್ದಾರೆ. ಅದೇ ಕೋಷ್ಟಕಗಳ ಇನ್ನೊಂದು ಭಾಗದಲ್ಲಿ, ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರದ ಭಾಷೆಗಳ ಪಟ್ಟಿಯಲ್ಲಿ, ಕೊಡಗು ಭಾಷೆಗೆ ತನ್ನದೇ ಆದ ಸಾಲಿದೆ. ಅದನ್ನಾಡುವವರ ಸಂಖ್ಯೆ 1,13,857. ಹೆಚ್ಚು ಜನರಾಡುವ ನುಡಿ ಉಪಸಾಲಿನಲ್ಲಿಯೂ ಕಡಿಮೆ ಜನರಾಡುವ ನುಡಿ ಸ್ವತಂತ್ರ ಸಾಲಿನಲ್ಲಿಯೂ ಇರುವುದರಲ್ಲಿ ದೋಷವೇನಿಲ್ಲ. ಒಂದು ನುಡಿ ಭಾಷೆ ಎನಿಸಿಕೊಳ್ಳುವುದಕ್ಕೆ ತಲೆಯೆಣಿಕೆ ಮಾನದಂಡವಲ್ಲ. ಹಾಗಿದ್ದರೆ ಮಾನದಂಡ ಯಾವುದೆಂಬ ಪ್ರಶ್ನೆಗೆ ಕೋಷ್ಟಕಗಳಲ್ಲಿ ಉತ್ತರವಿಲ್ಲ. ಇತ್ತ ಭಾಷಾವಿಜ್ಞಾನದ ಕೈಪಿಡಿಗಳನ್ನು ತೆರೆದರೆ ಚಿತ್ರವೇ ಬೇರೆ. ಭದ್ರಿರಾಜು ಕೃಷ್ಣಮೂರ್ತಿಯವರು 2003ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ಬೃಹತ್ ಗ್ರಂಥದಲ್ಲಿ ದಕ್ಷಿಣ ದ್ರಾವಿಡ ಶಾಖೆಯ ಭಾಷೆಗಳ ಸಾಲಿನಲ್ಲಿ ಬಡಗ ಕನ್ನಡದ ಪಕ್ಕದಲ್ಲಿ ಪ್ರತ್ಯೇಕವಾಗಿಯೇ ನಿಂತಿದೆ. ಅಂತಾರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿಯೂ ಅದಕ್ಕೆ ಬೇರೆಯೇ ಸಂಕೇತವಿದೆ.

ಜನಗಣತಿ ಮತ್ತು ಕೈಪಿಡಿಗಳ ನಡುವಿನ ಈ ಭಿನ್ನಮತ ಹೇಗೆ ಹುಟ್ಟಿತೆಂಬುದನ್ನು ಹಿಂದಕ್ಕೆ ಹೋಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಬಡಗ ಕನ್ನಡದಿಂದ ಕವಲೊಡೆಯಿತೇ ಎಂಬುದು ಒಂದು ಪ್ರಶ್ನೆ. ಇಂದು ಅದು ಕನ್ನಡವೇ ಎಂಬುದು ಇನ್ನೊಂದು. ಒಂದೂವರೆ ಶತಮಾನದಿಂದ ಮೊದಲನೆಯದಕ್ಕೆ ದೊರೆತ ಉತ್ತರವನ್ನೇ ಎರಡನೆಯದಕ್ಕೂ ಉತ್ತರವೆಂದು ಹಿಡಿಯಲಾಗಿದೆ. ಇದು ನಮ್ಮ ವಾದದ ತಿರುಳು.

ಹೆಸರು, ಬೆಟ್ಟ, ಆಳ್ವಿಕೆ

‘ಬಡಗ’ ಎಂದರೆ ಬಡಗಣ ದಿಕ್ಕಿನವನು, ಉತ್ತರದವನು. ತಮಿಳಿನಲ್ಲಿ ವಕಾರದಿಂದ ಮೊದಲಾಗುವ ಈ ದಿಗ್ವಾಚಕ ಇಲ್ಲಿ ಬಕಾರದಿಂದ ಮೊದಲಾಗುತ್ತದೆ. ಹೆಸರೇ ಒಂದು ವಲಸೆಯ ನೆನಪನ್ನು ಹೊತ್ತಿದೆ. ನೀಲಗಿರಿಯ ತಪ್ಪಲಿನಿಂದ ಉತ್ತರಕ್ಕಿರುವ ಮೈಸೂರು ಸೀಮೆಯಿಂದ, ವಿಶೇಷವಾಗಿ ನಂಜನಗೂಡಿನ ಸುತ್ತಣ ಪ್ರದೇಶದಿಂದ, ಹಿರಿಯರು ಬಂದರೆಂದು ಸಮುದಾಯದ ಹಲವು ಕಥನಗಳು ಹೇಳುತ್ತವೆ. ಬಡಗರ ಸಾಮಾಜಿಕ ಇತಿಹಾಸವನ್ನು ವಿಸ್ತಾರವಾಗಿ ಬರೆದ ಪಾಲ್ ಹಾಕಿಂಗ್ಸ್ ತಮ್ಮ 1980ರ ಗ್ರಂಥವನ್ನು 1550ರಿಂದ ಆರಂಭಿಸುತ್ತಾರೆ. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಜೆಸ್ಯುಯಿಟ್ ಪಾದ್ರಿ ಜಾಕೊಮೊ ಫೆನಿಸಿಯೊ ತೋಡರ ಜೊತೆಗೆ ಬಡಗರನ್ನೂ ಹೆಸರಿಸಿದ್ದಾನೆ. ಆದುದರಿಂದ ವಲಸೆಯ ಕಾಲವನ್ನು ಎಷ್ಟು ಈಚೆಗೆ ಎಳೆದರೂ ಹದಿನೇಳನೆಯ ಶತಮಾನದ ಆರಂಭಕ್ಕಿಂತ ಈಚೆಗೆ ತರಲಾಗದು.

ಬೆಟ್ಟದ ಮೇಲೆ ಬಡಗ ನುಡಿ ಒಂಟಿಯಾಗಿರಲಿಲ್ಲ. ತೋಡ, ಕೋಟ, ಕುರುಂಬ, ಇರುಳ ನುಡಿಗಳ ನಡುವೆ ಅದು ಬೆಳೆಯಿತು. ಧಾನ್ಯ, ಹಾಲು, ತುಪ್ಪ, ಕಮ್ಮಾರಿಕೆಯ ವಸ್ತು, ಕಾಡುತ್ಪನ್ನಗಳ ವಿನಿಮಯದಿಂದ ಕೂಡಿಕೊಂಡಿದ್ದ ಈ ಸಮುದಾಯಗಳ ನಡುವೆ ಸಂಪರ್ಕದ ನುಡಿಯಾಗಿ ಬಳಕೆಯಾದದ್ದು ಬಹುಮಟ್ಟಿಗೆ ಬಡಗವೇ. ಉಪಭಾಷೆಯೆಂದು ಕರೆಸಿಕೊಂಡ ನುಡಿಯೊಂದು ಇತರ ಭಾಷೆಗಳವರಿಗೆ ಎರಡನೆಯ ಭಾಷೆಯಾಗಿ ಒದಗಿತೆಂಬ ಸಂಗತಿಯನ್ನು ವರ್ಗೀಕರಣದ ಚರ್ಚೆಗಳು ಸಾಮಾನ್ಯವಾಗಿ ಮರೆಯುತ್ತವೆ.

ರಾಜಕೀಯವಾಗಿ ಈ ಬೆಟ್ಟಗಳು 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದವು. ಟಿಪ್ಪುವಿನ ಮರಣಾನಂತರ ಈಸ್ಟ್ ಇಂಡಿಯಾ ಕಂಪನಿಗೆ ಸಂದು, ಕೊಯಮತ್ತೂರು ಜಿಲ್ಲೆಯ ಭಾಗವಾಗಿ, 1868ರಲ್ಲಿ ಪ್ರತ್ಯೇಕ ಜಿಲ್ಲೆಯಾದವು. ಬಡಗರು ಇದ್ದಲ್ಲಿಯೇ ಇದ್ದರು. ಅವರ ಮೇಲಿನ ಕಚೇರಿ ಮಾತ್ರ ಕನ್ನಡದ ಕಡೆಯಿಂದ ತಮಿಳಿನ ಕಡೆಗೆ ತಿರುಗಿತು. ಈ ತಿರುವಿನ ಫಲ ಕೂಡಲೇ ಕಾಣಲಿಲ್ಲ. ಅದಕ್ಕೆ ಕಾರಣ 1846ರಲ್ಲಿ ಕೇತಿಯಲ್ಲಿ ನೆಲೆ ಹೂಡಿದ ಬಾಸೆಲ್ ಮಿಶನ್. ಮಂಗಳೂರು, ಧಾರವಾಡಗಳಲ್ಲಿ ಆಗಲೇ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದ ಈ ಸಂಸ್ಥೆ ನೀಲಗಿರಿಯಲ್ಲಿಯೂ ಕನ್ನಡವನ್ನೇ ಶಾಲೆಯ ಭಾಷೆಯಾಗಿ ತಂದಿತು. ಹೀಗೆ ಮೈಸೂರಿನ ಆಡಳಿತ ಹೋದಮೇಲೂ ಕೆಲವು ತಲೆಮಾರುಗಳ ಕಾಲ ಬಡಗದ ಮೇಲೆ ಕನ್ನಡದ ಸೂರು ಉಳಿಯಿತು.

ಕಾಲ್ಡ್ವೆಲ್‌ರ ಎಣಿಕೆ

ರಾಬರ್ಟ್ ಕಾಲ್ಡ್ವೆಲ್‌ರ ತೌಲನಿಕ ವ್ಯಾಕರಣದ ಮೊದಲ ಮುದ್ರಣ (1856) ಒಂಬತ್ತು ದ್ರಾವಿಡ ನುಡಿಗಳನ್ನು ಎಣಿಸಿತು. ಪರಿಷ್ಕೃತ ಎರಡನೆಯ ಮುದ್ರಣದಲ್ಲಿ (1875) ಸಂಖ್ಯೆ ಹನ್ನೆರಡಾಯಿತು: ಆರು ‘ಸಂಸ್ಕಾರಗೊಂಡ’ವು, ಆರು ‘ಸಂಸ್ಕಾರಗೊಳ್ಳದ’ವು. ಮೊದಲ ಪಟ್ಟಿಯಲ್ಲಿ ಇಲ್ಲದ ಕೊಡಗು ಎರಡನೆಯದರಲ್ಲಿ ಸಂಸ್ಕಾರಗೊಂಡ ಭಾಷೆಗಳ ಸಾಲಿಗೆ ಏರಿತು. ಈ ಎರಡು ಮುದ್ರಣಗಳ ನಡುವೆ, 1867ರಲ್ಲಿ, ಕೋಲ್ ಬರೆದ ಕೊಡಗು ಭಾಷೆಯ ವ್ಯಾಕರಣ ಹೊರಬಂದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಕೊಡಗರ ಮಾತು ಬದಲಾದುದಿಲ್ಲ. ಅದರ ಬಗ್ಗೆ ಒಂದು ಪುಸ್ತಕ ಬಂದಿತು. ಬಡಗದ ಬಗ್ಗೆ ಅಂಥ ವ್ಯಾಕರಣ ಆ ಅವಧಿಯಲ್ಲಿ ಬರಲಿಲ್ಲ. ಕಾಲ್ಡ್ವೆಲ್ ಅದನ್ನು ಕನ್ನಡದ ಪ್ರಾಚೀನ ಉಪಭಾಷೆಯೆಂದು ಗುರುತಿಸಿ ಎಣಿಕೆಯಿಂದ ಹೊರಗಿಟ್ಟರು.

ಈ ನಿರ್ಣಯದ ಹಿಂದಿನ ತರ್ಕ ಒಂದೇ ತೆರನಾಗಿಲ್ಲ. ಮಲಯಾಳವನ್ನು ಕಾಲ್ಡ್ವೆಲ್ ತಮಿಳಿನಿಂದ ಬಹು ಹಿಂದೆ ಕವಲೊಡೆದು ಬಹಳ ಮಾರ್ಪಟ್ಟ ಶಾಖೆಯೆಂದು ವಿವರಿಸಿದರೂ ಸ್ವತಂತ್ರ ಭಾಷೆಯೆಂದೇ ಎಣಿಸುತ್ತಾರೆ. ಎಂದರೆ ಇನ್ನೊಂದು ಭಾಷೆಯಿಂದ ಕವಲೊಡೆದದ್ದು ಅವರಿಗೆ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ. ತೋಡ, ಕೋಟಗಳಿಗೆ ಲಿಪಿಯಾಗಲಿ ಸಾಹಿತ್ಯವಾಗಲಿ ಇಲ್ಲ. ಆದರೂ ಅವು ಭಾಷೆಗಳು. ಎಂದರೆ ಸಾಹಿತ್ಯವಿಲ್ಲದಿರುವುದೂ ಅಡ್ಡಿಯಲ್ಲ. ಮಲಯಾಳಕ್ಕೆ ಸಾಹಿತ್ಯ ನೆರವಾಯಿತು, ತೋಡಕ್ಕೆ ದೂರ ನೆರವಾಯಿತು. ಸಾಹಿತ್ಯವೂ ಇಲ್ಲದ, ಸಾಹಿತ್ಯವುಳ್ಳ ನೆರೆಯ ಭಾಷೆಯೊಂದಕ್ಕೆ ಹತ್ತಿರವೂ ಆದ ಬಡಗಕ್ಕೆ ಎರಡು ದಾರಿಗಳೂ ಮುಚ್ಚಿದವು. ಕಾಲ್ಡ್ವೆಲ್‌ರನ್ನು ಇಂದಿನ ಅಳತೆಯಿಂದ ದೂಷಿಸುವುದು ನಮ್ಮ ಇಂಗಿತವಲ್ಲ. ಆದರೆ ಮುಂದಿನವರು ಅವರ ತೀರ್ಮಾನವನ್ನು ಎತ್ತಿಕೊಂಡರೇ ಹೊರತು ಅದರ ಹಿಂದಿನ ಈ ಎರಡು ಅಳತೆಗೋಲುಗಳನ್ನು ಪರೀಕ್ಷಿಸಲಿಲ್ಲ.

1890ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಕನ್ನಡ ಲಿಪಿಯಲ್ಲಿ ಒಂದು ಬಡಗ ಪುಸ್ತಕವನ್ನು ಅಚ್ಚುಹಾಕಿತು: ‘ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’. ಕನ್ನಡ ಓದುಗರು ಈ ಶೀರ್ಷಿಕೆಯನ್ನು ಒಂದೆರಡು ಕಡೆ ತಡವರಿಸಿ ದಾಟಿಬಿಡುತ್ತಾರೆ. ‘ಆಗಿಬ್ಬ’ ಎಂಬಲ್ಲಿನ ‘ಇಬ್ಬ’, ಹಳಗನ್ನಡದ ‘ಇರ್ಪ’ ಹಾಗೂ ನಡುಗನ್ನಡದ ‘ಇಪ್ಪ’ ರೂಪಗಳ ಬಳಗದ್ದು. ಇಂದಿನ ಪ್ರಮಾಣ ಕನ್ನಡದ ‘ಇರುವ’ ಎಂಬುದಕ್ಕೆ ಸಮಾನ. ಉಳಿದ ಪದಗಳಿಗೆ ಟಿಪ್ಪಣಿ ಬೇಕಿಲ್ಲ. ಇಷ್ಟು ಹತ್ತಿರವಿದ್ದರೂ ಮಿಶನ್‌ನವರು ಬೇರೆ ಪುಸ್ತಕ ಮಾಡಿದ್ದೇಕೆ? ಕನ್ನಡದಲ್ಲಿ ಬೈಬಲ್ ಆಗಲೇ ಇದ್ದಿತು, ಬೆಟ್ಟದ ಶಾಲೆಗಳಲ್ಲಿ ಕನ್ನಡ ಕಲಿಸಲಾಗುತ್ತಿತ್ತು, ಮುದ್ರಣದ ಖರ್ಚು ಸಣ್ಣದಲ್ಲ. ಇದೇ ಮಿಶನ್ ನಾಲ್ಕು ವರ್ಷಗಳ ನಂತರ ಕಿಟೆಲ್‌ರ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿತು. ಕನ್ನಡವೇನೆಂದು ತಿಳಿಯದವರ ಕೆಲಸವಲ್ಲ ಅದು. ಕನ್ನಡದ ಪುಸ್ತಕ ಬಡಗರ ಕಿವಿಗೆ ಸಾಲದೆಂಬ ಅನುಭವ ಬರದೆ ಇಂಥ ಪುಸ್ತಕ ಹುಟ್ಟುವುದಿಲ್ಲವೆಂದು ನಾವು ಭಾವಿಸುತ್ತೇವೆ. ಪಂಡಿತರ ಪಟ್ಟಿಯಲ್ಲಿ ಉಪಭಾಷೆಯಾಗಿದ್ದ ನುಡಿ ಮುದ್ರಕರ ವ್ಯವಹಾರದಲ್ಲಿ ಭಾಷೆಯಾಗಿ ನಡೆಯಿತು.

ಸಮೀಕ್ಷೆ ನಡೆಯದ ನೆಲದ ಸಮೀಕ್ಷೆ

ಜಾರ್ಜ್ ಗ್ರಿಯರ್ಸನ್‌ರ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟ 1906ರಲ್ಲಿ ಹೊರಬಂದಿತು. ಅದರ ದ್ರಾವಿಡ ಭಾಗವನ್ನು ಸಿದ್ಧಪಡಿಸಿದವರು ಸ್ಟೆನ್ ಕೊನೊವ್. ಬಡಗ ಅಲ್ಲಿ ಕನ್ನಡದ ಉಪಭಾಷೆಗಳಲ್ಲಿ ಒಂದಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಮದ್ರಾಸ್ ಪ್ರಾಂತ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳು ಈ ಸಮೀಕ್ಷೆಯ ವ್ಯಾಪ್ತಿಯಿಂದ ಹೊರಗಿದ್ದವು. ಕನ್ನಡದ ಬಹುಪಾಲು ನೆಲವೂ ಬಡಗದ ಇಡೀ ನೆಲವೂ ಹೀಗೆ ಹೊರಗೆ ಉಳಿದವು. ದಕ್ಷಿಣದ ಬಗೆಗಿನ ವಿವರಗಳನ್ನು ಆಗಲೇ ಪ್ರಕಟವಾಗಿದ್ದ ಬರಹಗಳಿಂದ ಸಂಗ್ರಹಿಸಿಕೊಳ್ಳಬೇಕಾಯಿತು. ಹಾಗಾಗಿ ಸಂಪುಟದಲ್ಲಿ ನಾವು ಓದುವುದು ಬಹುಮಟ್ಟಿಗೆ ಕಾಲ್ಡ್ವೆಲ್‌ರ ಕಾಲದ ಅಭಿಪ್ರಾಯದ ಮುಂದುವರಿಕೆ. ನೀಲಗಿರಿಯಲ್ಲಿ ಹೊಸದಾಗಿ ಕೇಳಿ ಬರೆದುಕೊಂಡ ಮಾತಲ್ಲ.

ಭಾಷೆ ಮತ್ತು ಉಪಭಾಷೆಗಳ ಗಡಿಯ ಬಗ್ಗೆ ಗ್ರಿಯರ್ಸನ್‌ರಿಗೆ ಭ್ರಮೆಗಳಿರಲಿಲ್ಲ. 1927ರಲ್ಲಿ ಬಂದ ಪ್ರಸ್ತಾವನಾ ಸಂಪುಟದಲ್ಲಿ ಅವರು ಈ ಎರಡು ಪದಗಳನ್ನು ಪರ್ವತ ಮತ್ತು ಗುಡ್ಡ ಎಂಬ ಪದಗಳಿಗೆ ಹೋಲಿಸುತ್ತಾರೆ. ತುದಿಗಳಲ್ಲಿ ಗೊಂದಲವಿಲ್ಲ, ನಡುವೆ ಗೆರೆ ಎಳೆಯಲಾಗದು. ಡಾರ್ಜಿಲಿಂಗಿನ ಸುತ್ತ ಏಳು ಸಾವಿರ ಅಡಿಯದನ್ನೂ ಗುಡ್ಡವೆನ್ನುತ್ತಾರೆ, ವೇಲ್ಸ್‌ನ ಸ್ನೋಡನ್ ಅದರ ಅರ್ಧದಷ್ಟಿದ್ದರೂ ಪರ್ವತವೆನಿಸಿಕೊಂಡಿದೆ ಎಂಬುದು ಆ ಹೋಲಿಕೆಯ ಸಾರ. ಬಡಗರ ಸೀಮೆಯಲ್ಲಿರುವ ದೊಡ್ಡಬೆಟ್ಟದ ಎತ್ತರ 2,637 ಮೀಟರು, ಸ್ನೋಡನ್ನಿನ ಎರಡು ಪಟ್ಟಿಗೂ ಮಿಗಿಲು. ಇಂಗ್ಲಿಷರ ಬಾಯಲ್ಲಿ ನೀಲಗಿರಿ ಎಂದಿಗೂ ಗುಡ್ಡಗಳ ಸಾಲೇ. ಗ್ರಿಯರ್ಸನ್‌ರು ಉದಾಹರಣೆಗೆ ಡಾರ್ಜಿಲಿಂಗಿನವರೆಗೆ ಹೋಗಬೇಕಾಗಿರಲಿಲ್ಲ.

ಹೋಲಿಕೆಯಲ್ಲಿದ್ದ ಈ ಎಚ್ಚರ ಮುಂದಿನ ಆಡಳಿತಕ್ಕೆ ದಾಟಲಿಲ್ಲ. 1961ರ ಜನಗಣತಿ 1,652 ಮಾತೃಭಾಷೆಗಳನ್ನು ದಾಖಲಿಸಿ, ಗ್ರಿಯರ್ಸನ್‌ರ ಚೌಕಟ್ಟನ್ನು ಆಧಾರವಾಗಿಟ್ಟುಕೊಂಡು ಅವುಗಳನ್ನು ವರ್ಗೀಕರಿಸಿತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಮಾತೃಭಾಷೆಗಳನ್ನು ಹೆಸರಿಸಿ ಪ್ರಕಟಿಸುವುದು ನಿಂತಿತು. 2011ರಲ್ಲಿ ಜನ ಹೇಳಿದ 19,569 ಹೆಸರುಗಳನ್ನು ಶೋಧಿಸಿ 1,369 ಮಾತೃಭಾಷೆಗಳಿಗೆ ಇಳಿಸಿ, ಹತ್ತು ಸಾವಿರಕ್ಕೂ ಮೀರಿದ 270ನ್ನು 121 ಭಾಷೆಗಳ ಕೆಳಗೆ ಹಂಚಲಾಯಿತು. ಬಡಗ ಆ 270ರಲ್ಲಿ ಒಂದು, 121ರಲ್ಲಿ ಒಂದಲ್ಲ. ಐದು ಕೋಟಿಗೂ ಮಿಕ್ಕ ಜನರಾಡುವ ಭೋಜಪುರಿಯೇ ಹಿಂದಿಯ ಉಪಸಾಲಿನಲ್ಲಿರುವಾಗ ಬಡಗದ ಸ್ಥಾನ ಅಪವಾದವೇನಲ್ಲ. ಎರಡೂ ಕಡೆ ವಿಧಾನ ಒಂದೇ: ಹಳೆಯ ಪಟ್ಟಿಯಲ್ಲಿ ಕುಳಿತದ್ದು ಅಲ್ಲಿಯೇ ಕುಳಿತಿರುತ್ತದೆ. ತಾನು ಕಾಲಿಡದ ನೆಲದ ಬಗ್ಗೆ ಒಂದು ಸಮೀಕ್ಷೆ ಆಡಿದ ಮಾತು ನೂರು ವರ್ಷಗಳ ನಂತರವೂ ಆ ನೆಲದ ಜನರ ಲೆಕ್ಕವನ್ನು ನಿರ್ಧರಿಸುತ್ತಿದೆ.

ಬೆ, ಬೆ, ಬೆ

ನಿಜವಾಗಿ ಕಿವಿಗೊಟ್ಟು ಕೇಳಿದ ಮೊದಲ ಭಾಷಾವಿಜ್ಞಾನಿ ಮರ್ರೆ ಎಮಿನೊ. 1935ರಿಂದ 1938ರವರೆಗೆ ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರು ತೋಡ, ಕೋಟಗಳ ಜೊತೆಗೆ ಬಡಗವನ್ನೂ ದಾಖಲಿಸಿಕೊಂಡರು. 1939ರಲ್ಲಿ ಬಡಗದ ಸ್ವರಗಳನ್ನು ಕುರಿತು ಅವರು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ‘ಬಡಗ ಭಾಷೆ’ ಎಂಬ ಮಾತಿದೆ. ಅದನ್ನು ಸ್ಥಾನಮಾನದ ಘೋಷಣೆಯೆಂದು ಓದುವುದು ಅತಿಯಾದೀತು. ಆದರೆ ಒಳಗಿನ ವಿವರಣೆ ಘೋಷಣೆಗಿಂತ ಬಲವಾದುದು.

ಎಮಿನೊ ವಿವರಿಸುವಂತೆ ಬಡಗದಲ್ಲಿ ಐದು ಸ್ವರಗಳಿವೆ, ಹ್ರಸ್ವ–ದೀರ್ಘ ಭೇದವಿದೆ. ಇಷ್ಟಕ್ಕೆ ಅದು ಕನ್ನಡದಂತೆಯೇ. ಆದರೆ ಪ್ರತಿಯೊಂದು ಸ್ವರವೂ ಮೂರು ಬಗೆಯಾಗಿ ಬರಬಲ್ಲುದು: ಸಾದಾ, ಅರೆಮೂರ್ಧನ್ಯ, ಪೂರ್ಣಮೂರ್ಧನ್ಯ. ನಾಲಗೆಯ ಸುರುಳಿ ವ್ಯಂಜನದಲ್ಲಿರದೆ ಸ್ವರದ ಒಳಗೇ ಇರುತ್ತದೆ. ಈ ಭೇದವನ್ನು ತೋರಿಸಲು ಧ್ವನಿವಿಜ್ಞಾನದ ಗ್ರಂಥಗಳು ಮತ್ತೆಮತ್ತೆ ಬಳಸುವ ಮೂರು ಪದಗಳಿವೆ. ಸಾದಾ ಸ್ವರದ ‘ಬೆ’ ಎಂದರೆ ಬಾಯಿ, ಅರೆಮೂರ್ಧನ್ಯದ ‘ಬೆ’ ಎಂದರೆ ಬಳೆ, ಪೂರ್ಣಮೂರ್ಧನ್ಯದ ‘ಬೆ’ ಎಂದರೆ ಬೆಳೆ. ಕನ್ನಡ ಲಿಪಿಯಲ್ಲಿ ಮೂರನ್ನೂ ನಾವು ಒಂದೇ ಅಕ್ಷರದಲ್ಲಿ ಬರೆಯಬೇಕಾಗಿ ಬಂದಿರುವುದೇ ಸಮಸ್ಯೆಯ ಒಂದು ಮುಖ. ಲಿಪಿ ಬಡಗವನ್ನು ಕನ್ನಡಕ್ಕೆ ಹತ್ತಿರ ಎಳೆಯುತ್ತದೆ. ಕಿವಿಗೆ ಕೇಳುವ ದೂರವನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. 1890ರ ಶೀರ್ಷಿಕೆಯನ್ನು ನಾವು ಸಲೀಸಾಗಿ ಓದಿಕೊಂಡುದರಲ್ಲಿ ಈ ಲಿಪಿಯ ಪಾಲೂ ಇದೆ.

ಕನ್ನಡದಲ್ಲಿ ಳಕಾರವಾಗಿ ಉಳಿದ ವ್ಯಂಜನ ಇಲ್ಲಿ ಲೋಪಗೊಂಡು ತನ್ನ ಗುಣವನ್ನು ಸ್ವರಕ್ಕೆ ಬಿಟ್ಟುಹೋಗಿದೆ. ಕನ್ನಡದ ಬೇರೆ ಪ್ರಾದೇಶಿಕ ಪ್ರಭೇದಗಳಲ್ಲಿ ಹೀಗೆ ಸ್ವರವ್ಯವಸ್ಥೆಯೇ ಮೂರು ಪದರಗಳಾಗಿ ಒಡೆದುದನ್ನು ಯಾರೂ ವರ್ಣಿಸಿಲ್ಲ. ಯು. ಪಿ. ಉಪಾಧ್ಯಾಯರು 1976ರಲ್ಲಿ ಬಳ್ಳಾರಿ, ಗುಲಬರ್ಗಾ, ಕುಮಟಾ ಮತ್ತು ನಂಜನಗೂಡುಗಳ ಕನ್ನಡವನ್ನು ಹೋಲಿಸಿ ಬರೆದರು. ಬಡಗರ ಕಥನಗಳು ಹೇಳುವ ಮೂಲಸ್ಥಳದ ನುಡಿಯೇ ಅಲ್ಲಿ ಒಂದು ಕೊನೆಯಾಗಿರುವುದು ನಮ್ಮ ಉದ್ದೇಶಕ್ಕೆ ಅನುಕೂಲ. ನಂಜನಗೂಡಿನ ನುಡಿ ಪ್ರಮಾಣ ಕನ್ನಡದಿಂದ ಪ್ರತ್ಯಯಗಳಲ್ಲಿಯೂ ಉಚ್ಚಾರಣೆಯಲ್ಲಿಯೂ ಸರಿದಿದೆ ನಿಜ. ಸ್ವರಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿಕೊಂಡದ್ದು ಬೆಟ್ಟ ಹತ್ತಿದ ನುಡಿ ಮಾತ್ರ.

ಆದರೆ ಅವೇ ಮೂರು ಪದಗಳು ಇನ್ನೊಂದು ದಿಕ್ಕಿಗೂ ಸಾಕ್ಷಿ ನುಡಿಯುತ್ತವೆ. ತಮಿಳಿನ ವಾಯ್, ವಳೈ, ವಿಳೈ ಎಂಬವುಗಳಿಗೆ ಎದುರಾಗಿ ಮೂರರಲ್ಲಿಯೂ ಮೊದಲಿಗಿರುವುದು ಬಕಾರ. ಇದು ಕನ್ನಡದ ಹಾದಿ. ಈ ಒಂದರ ಮೇಲೆ ಹೆಚ್ಚು ಭಾರ ಹಾಕಲಾಗದು; ತುಳು, ಕೊಡಗುಗಳಲ್ಲಿಯೂ ಇದೇ ಮಾರ್ಪಾಡಿದೆ. ಪಕಾರ ಹಕಾರವಾದ ಬದಲಾವಣೆ ಹೆಚ್ಚು ನೆರವಾಗುತ್ತದೆ. ಕನ್ನಡ ಶಾಸನಗಳಲ್ಲಿ ಹತ್ತನೆಯ ಶತಮಾನದಿಂದ ತಲೆದೋರಿ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ನೆಲೆಗೊಂಡ ಈ ಬದಲಾವಣೆ ಬಡಗದಲ್ಲಿ ಪೂರ್ಣವಾಗಿ ನಡೆದಿದೆ. ಊರಿಗೆ ಬಡಗರು ಹೇಳುವ ಪದ ‘ಹಟ್ಟಿ’. ಹಳಗನ್ನಡದಲ್ಲಿ ಅದು ‘ಪಟ್ಟಿ’. ಅವರ ಕುಲದೇವತೆ ಹೆತ್ತೆ; ಬೆರಗಣಿಯಲ್ಲಿ ವರ್ಷಕ್ಕೊಮ್ಮೆ ಜನ ಸೇರಿ ಆಚರಿಸುವುದು ಹೆತ್ತೆ ಹಬ್ಬ. ‘ಹೆತ್ತೆ’ ಎಂಬುದು ‘ಪೆತ್ತ’ ಎಂಬುದರ ಬಳಗ. ‘ಹಬ್ಬ’ದ ಕಥೆ ಇನ್ನೂ ನಿರ್ಣಾಯಕ. ಸಂಸ್ಕೃತದ ‘ಪರ್ವ’ ಕನ್ನಡಕ್ಕೆ ಬಂದು ‘ಪಬ್ಬ’ವಾಗಿ, ಕನ್ನಡದೊಳಗಿನ ಬದಲಾವಣೆಗೆ ಸಿಕ್ಕಿ ‘ಹಬ್ಬ’ವಾಯಿತು. ಪಕಾರ ಹಕಾರವಾಗುವುದು ಲೋಕದಲ್ಲಿ ಎಲ್ಲಿಯೂ ನಡೆಯಬಹುದಾದ ಸಹಜ ಬದಲಾವಣೆ, ಬಡಗದಲ್ಲಿ ತಾನಾಗಿ ನಡೆದಿರಬಹುದು ಎಂಬ ಆಕ್ಷೇಪಕ್ಕೆ ಇಲ್ಲಿ ಬಲ ಕುಂದುತ್ತದೆ. ಎರವಲು ಪದವೊಂದು ಅದೇ ಮೆಟ್ಟಿಲುಗಳನ್ನು ಹತ್ತಿ ಅದೇ ರೂಪಕ್ಕೆ ತಲಪಿರುವಾಗ, ಆ ಮೆಟ್ಟಿಲುಗಳನ್ನು ಎರಡು ನುಡಿಗಳೂ ಕೂಡಿಯೇ ಹತ್ತಿದವೆಂಬ ವಿವರಣೆ ಸರಳವಾದುದು. ನೀಲಗಿರಿಯ ಬಡಗ ನಾಡುಗಳಲ್ಲಿ ಒಂದಾದ ಪೊರಂಗನಾಡಿನ ಹೆಸರಿನಲ್ಲಿ ಪಕಾರ ಉಳಿದಿದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಸ್ಥಳನಾಮದ ಬರವಣಿಗೆ ತಮಿಳು ಕಚೇರಿಗಳ ಕೈಯಲ್ಲಿ ಹಾದು ಬಂದಿರುವುದರಿಂದ ಅದನ್ನು ಧ್ವನಿ ಇತಿಹಾಸಕ್ಕೆ ಸಾಕ್ಷ್ಯವಾಗಿ ಬಳಸಲು ನಾವು ಹಿಂಜರಿಯುತ್ತೇವೆ.

ಹಾಗಾದರೆ ಬಡಗ ಹಳಗನ್ನಡವನ್ನು ಹಾಗೆಯೇ ಉಳಿಸಿಕೊಂಡ ನುಡಿ ಎಂಬ, ನಮ್ಮಲ್ಲಿ ಅಭಿಮಾನದಿಂದ ಆಡಲಾಗುವ ಮಾತಿಗೆ ಏನು ಬೆಲೆ? ವಂಶವೃಕ್ಷದ ಪ್ರಶ್ನೆಯಲ್ಲಿ ಹೆಚ್ಚೇನಿಲ್ಲ. ‘ಇಬ್ಬ’ ಎಂಬ ರೂಪವನ್ನೇ ನೋಡಬಹುದು. ಅದರ ಜೊತೆಗಾರ ‘ಇಪ್ಪ’ ಹವ್ಯಕ ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಷ್ಟರಿಂದ ಹವ್ಯಕ ಮತ್ತು ಬಡಗ ಒಂದೇ ಕವಲೆಂದು ಯಾರೂ ಹೇಳರು. ಹಳೆಯದನ್ನು ಎರಡು ಕಡೆ ಉಳಿಸಿಕೊಂಡದ್ದು ಸಾಮೀಪ್ಯಕ್ಕೆ ಸಾಕ್ಷಿಯಲ್ಲ. ಹೊಸದನ್ನು ಕೂಡಿ ಮಾಡಿಕೊಂಡದ್ದು ಮಾತ್ರ ಸಾಕ್ಷಿ. ಇದು ತೌಲನಿಕ ವಿಧಾನದ ಮೊದಲ ಪಾಠ. ಬಡಗದ ಬಗೆಗಿನ ಚರ್ಚೆಯಲ್ಲಿ ಬಹುವಾಗಿ ಉಲ್ಲಂಘನೆಯಾಗುವ ಪಾಠವೂ ಇದೇ. ಬಡಗ ಕನ್ನಡಕ್ಕಿಂತ ಪ್ರಾಚೀನವೆಂದು ಸಾಧಿಸಹೊರಟವರೂ, ಅದು ಕನ್ನಡವೇ ಎಂದು ಸಾಧಿಸಹೊರಟವರೂ ಇಂಥ ಉಳಿಕೆಗಳನ್ನೇ ಪಟ್ಟಿಮಾಡುತ್ತಾರೆ. ಒಂದೇ ಪಟ್ಟಿ ಎರಡು ವಿರುದ್ಧ ವಾದಗಳಿಗೆ ಒದಗುವುದೇ ಅದು ಯಾವುದನ್ನೂ ಸಾಧಿಸದೆಂಬುದಕ್ಕೆ ಗುರುತು.

ಸೂರು ಬದಲಾದಾಗ

ಮೇಲಿನ ಸಾಕ್ಷ್ಯದಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಬಡಗ ಕನ್ನಡದಿಂದ ಕವಲೊಡೆದದ್ದು ಹಕಾರ ನೆಲೆಗೊಂಡ ನಂತರ, ಎಂದರೆ ನಡುಗನ್ನಡದ ಕಾಲದಲ್ಲಿ. ಭಾಷಿಕ ಸಾಕ್ಷ್ಯವೂ ವಲಸೆಯ ಕಥನವೂ ಫೆನಿಸಿಯೊನ ವರದಿಯೂ ಇಲ್ಲಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆದರೆ ಇದರಿಂದ ಬಡಗ ಇಂದು ಕನ್ನಡದ ಉಪಭಾಷೆ ಎಂಬ ತೀರ್ಮಾನ ಹೊರಡುವುದಿಲ್ಲ. ಆಫ್ರಿಕಾನ್ಸ್ ಹದಿನೇಳನೆಯ ಶತಮಾನದ ಡಚ್‌ನಿಂದ ಬಂದಿತೆಂಬುದರಲ್ಲಿ ಸಂಶಯವಿಲ್ಲ. 1925ರಲ್ಲಿ ದಕ್ಷಿಣ ಆಫ್ರಿಕಾ ಅದಕ್ಕೆ ಅಧಿಕೃತ ಸ್ಥಾನ ಕೊಟ್ಟಾಗ ಅದರ ವಂಶಾವಳಿಯೇನೂ ಬದಲಾಗಲಿಲ್ಲ. ಕವಲಿನ ಕಾಲಮಾನ ಎರಡೂ ಕಡೆ ಹೆಚ್ಚುಕಡಿಮೆ ಸಮೀಪದ್ದೇ. ಒಂದಕ್ಕೆ ರಾಜ್ಯ, ಶಾಲೆ, ಪತ್ರಿಕೆಗಳಿದ್ದವು, ಇನ್ನೊಂದಕ್ಕೆ ಇರಲಿಲ್ಲ.

ಹೈನ್ಜ್ ಕ್ಲೋಸ್ 1952ರಲ್ಲಿ ಜರ್ಮಾನಿಕ್ ಭಾಷೆಗಳನ್ನು ಮುಂದಿಟ್ಟುಕೊಂಡು ರೂಪಿಸಿದ ವಿವೇಚನೆ ಇಲ್ಲಿ ಉಪಯುಕ್ತ. ರಚನೆಯ ಅಂತರದಿಂದ ಭಾಷೆಯಾಗುವುದು ಒಂದು, ಬರಹ–ಶಿಕ್ಷಣ–ಆಡಳಿತಗಳಲ್ಲಿ ಬೆಳೆಸುವುದರಿಂದ ಭಾಷೆಯಾಗುವುದು ಇನ್ನೊಂದು. ಇವುಗಳ ಜೊತೆಗೆ ಕ್ಲೋಸ್ ‘ಸೂರಿಲ್ಲದ ಉಪಭಾಷೆ’ ಎಂಬ ಮೂರನೆಯ ಪರಿಕಲ್ಪನೆಯನ್ನೂ ಕೊಟ್ಟರು. ತನಗೆ ಸಂಬಂಧಿಸಿದ ಪ್ರಮಾಣಭಾಷೆಯ ನೆರಳು ತಪ್ಪಿ, ಬೇರೊಂದು ಪ್ರಮಾಣಭಾಷೆಯ ಆಳ್ವಿಕೆಯಲ್ಲಿ ಬದುಕುವ ನುಡಿ ಅದು. ಜರ್ಮನ್ ಬಳಗದ ನುಡಿಯಾಗಿದ್ದು ಫ್ರೆಂಚಿನ ಆಳ್ವಿಕೆಯಲ್ಲಿರುವ ಅಲ್ಸೇಷಿಯನ್ ಇದಕ್ಕೆ ಹೆಸರಾಂತ ನಿದರ್ಶನ. ಬಡಗದ ಇಪ್ಪತ್ತನೆಯ ಶತಮಾನದ ಚರಿತ್ರೆ ಇದಕ್ಕೆ ತೀರ ಹತ್ತಿರವಾದುದು. ಮಿಶನ್ ಶಾಲೆಗಳ ಕನ್ನಡ ಹಿಂದೆ ಸರಿಯಿತು. ಶಾಲೆ, ಕಚೇರಿ, ಮಾರುಕಟ್ಟೆ, ಸಿನಿಮಾಗಳಲ್ಲಿ ತಮಿಳು ಬಂದಿತು. ಉನ್ನತ ಶಿಕ್ಷಣಕ್ಕೆ ಇಂಗ್ಲಿಷ್. 1956ರ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದಿತು, ನೀಲಗಿರಿ ಮದ್ರಾಸಿನಲ್ಲಿಯೇ ಉಳಿಯಿತು. ಇಂದಿನ ಬಡಗ ಯುವಜನರು ಕನ್ನಡವನ್ನು ಓದಲಾರರು. ತಮ್ಮ ನುಡಿಯನ್ನು ಬರೆಯಬೇಕಾದಾಗ ತಮಿಳು ಅಥವಾ ರೋಮನ್ ಅಕ್ಷರಗಳನ್ನು ಬಳಸುತ್ತಾರೆ. ಬಡಗ ಮಾತುಗಾರರಿಗೆ ಪ್ರಮಾಣ ಕನ್ನಡ ಮೇಲ್ಮಟ್ಟದ ರೂಪವಾಗಿ ಒದಗದಿರುವಾಗ, ಅವರ ಮಾತನ್ನು ಅದರ ಕೆಳಗಿನ ರೂಪವೆನ್ನುವುದರಲ್ಲಿ ಸಾಮಾಜಿಕ ಅರ್ಥ ಉಳಿಯುವುದಿಲ್ಲ. ಪರಸ್ಪರ ಗ್ರಾಹ್ಯತೆಯ ಪರೀಕ್ಷೆಯೂ ಇಲ್ಲಿ ಜಾರುತ್ತದೆ. ಮಿಶನ್ ಶಾಲೆಯಲ್ಲಿ ಓದಿದ ತಲೆಮಾರಿಗೆ ಕನ್ನಡ ತಿಳಿಯುತ್ತಿದ್ದುದು ನುಡಿಗಳ ಹತ್ತಿರದಿಂದಲೋ ಶಾಲೆಯ ಪಾಠದಿಂದಲೋ ಎಂದು ಬೇರ್ಪಡಿಸಲಾಗದು.

ಸ್ವತಂತ್ರ ಭಾಷೆಯಾಗಿ ಬೆಳೆಸುವ ಸಾಮಗ್ರಿ ಇಲ್ಲವೆನ್ನಲೂ ಆಗದು. 1988ರಲ್ಲಿ ಹಾಕಿಂಗ್ಸ್ ಬಡಗ ಗಾದೆ, ಪ್ರಾರ್ಥನೆ, ಶಕುನ, ಶಾಪಗಳ ಸಂಗ್ರಹವನ್ನು ಹೊರತಂದರು. 1992ರಲ್ಲಿ ಅವರೂ ಕ್ರಿಸ್ಟಿಯಾನ್ ಪಿಲೊ–ರಾಯ್‌ಚೂರ್ ಅವರೂ ಕೂಡಿ ರಚಿಸಿದ ಬಡಗ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಕರ್ನಾಟಕದೊಳಗೇ ಇದಕ್ಕೆ ಹೋಲಿಸಬಹುದಾದ ಬೆಳವಣಿಗೆಯೊಂದಿದೆ. ಕುಶಾಲಪ್ಪ ಗೌಡರು 1970ರಲ್ಲಿ ಗೌಡ ಕನ್ನಡವೆಂದು ವರ್ಣಿಸಿದ ಅರೆಭಾಷೆಗೆ 2011ರಲ್ಲಿ ಕರ್ನಾಟಕ ಸರ್ಕಾರ ಪ್ರತ್ಯೇಕ ಅಕಾಡೆಮಿಯನ್ನೇ ಸ್ಥಾಪಿಸಿತು. ರಚನೆಯಲ್ಲಿ ಬಡಗಕ್ಕಿಂತ ಕನ್ನಡಕ್ಕೆ ಹತ್ತಿರವಿರುವ ನುಡಿಗೆ ಈ ನೆಲೆ ದೊರೆತುದಕ್ಕೆ ಅದು ಕರ್ನಾಟಕದ ಗಡಿಯೊಳಗಿರುವುದೇ ಮುಖ್ಯ ಕಾರಣ. ತಮಿಳುನಾಡಿನಲ್ಲಿರುವ ಬಡಗವನ್ನು ‘ನಮ್ಮದೇ ಉಪಭಾಷೆ’ ಎಂದು ಹೇಳುವ ಕನ್ನಡ ವಿದ್ವತ್ತು ಅದಕ್ಕಾಗಿ ಒಂದು ಪಠ್ಯಪುಸ್ತಕವನ್ನು ಬರೆದುಕೊಟ್ಟಿದ್ದರೆ ಆ ಮಾತಿಗೆ ತೂಕ ಬರುತ್ತಿತ್ತು.

ವರ್ಗೀಕರಣ ಬರಿಯ ಪಂಡಿತರ ವ್ಯಸನವಲ್ಲವೆಂಬುದು ಇತ್ತೀಚಿನ ಚರ್ಚೆಗಳಲ್ಲಿ ಸ್ಪಷ್ಟವಾಗಿದೆ. ತಮಿಳುನಾಡಿನಲ್ಲಿ ಹಿಂದುಳಿದ ವರ್ಗಕ್ಕೆ ಸೇರಿರುವ ಬಡಗರು ಪರಿಶಿಷ್ಟ ಪಂಗಡದ ಸ್ಥಾನಮಾನವನ್ನು ಬಹುಕಾಲದಿಂದ ಕೇಳುತ್ತಿದ್ದಾರೆ. 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ ಭಾಷೆಯ ಹೆಸರಿಲ್ಲ, ವಿಶಿಷ್ಟ ಸಂಸ್ಕೃತಿಯ ಹೆಸರಿದೆ. ಭಾಷೆ ಆ ಬಾಗಿಲಿನಿಂದ ಒಳಬರುತ್ತದೆ. ಬಡಗ ಕನ್ನಡದ ಉಪಭಾಷೆಯಾದರೆ ಬಡಗರು ಮೈಸೂರಿನಿಂದ ಬಂದ ಒಕ್ಕಲಿಗರು, ಸ್ವತಂತ್ರ ಭಾಷೆಯಾದರೆ ಬೆಟ್ಟದ ಮೂಲನಿವಾಸಿಗಳು ಎಂಬ ಸಮೀಕರಣ ಎರಡು ಪಾಳೆಯಗಳಲ್ಲಿಯೂ ಕೇಳಿಬರುತ್ತದೆ. ಈ ಸಮೀಕರಣ ಭಾಷಾವಿಜ್ಞಾನಕ್ಕೆ ಸೇರಿದುದಲ್ಲ. ನಾಲ್ಕು ಶತಮಾನಗಳ ಹಿಂದೆ ಬಂದವರ ನುಡಿ ಸ್ವತಂತ್ರ ಭಾಷೆಯಾಗಿರಬಹುದು. ಎಂದೆಂದಿನಿಂದ ಇದ್ದವರ ನುಡಿ ನೆರೆಯ ಭಾಷೆಯ ಪ್ರಭೇದವಾಗಿರಬಹುದು. ಮೀಸಲಾತಿಯ ಪ್ರಶ್ನೆಯನ್ನು ಅದರ ಸಾಮಾಜಿಕ, ಆರ್ಥಿಕ ಆಧಾರಗಳ ಮೇಲೆ ನಿರ್ಣಯಿಸುವುದು ಸಂಬಂಧಪಟ್ಟವರ ಕೆಲಸ. ಅದಕ್ಕಾಗಿ ‘ಹಬ್ಬ’ದ ಹಕಾರವನ್ನು ಅಲ್ಲಗಳೆಯುವಂತೆ ನಮ್ಮನ್ನು ಯಾರೂ ಕೇಳಬಾರದು, ಅಂತೆಯೇ ಆ ಹಕಾರವನ್ನು ತೋರಿಸಿ ಯಾರದೇ ಹಕ್ಕನ್ನು ಕಿತ್ತುಕೊಳ್ಳುವ ವಾದಕ್ಕೆ ನಾವು ಸಾಕ್ಷಿ ಹೇಳಬಾರದು.

ಈ ನಡುವೆ ಚರ್ಚೆಯ ವಸ್ತುವೇ ಕೈಜಾರುತ್ತಿದೆ. 2001ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆಯೆಂದವರು 1,34,514. ಹತ್ತು ವರ್ಷಗಳಲ್ಲಿ ಸುಮಾರು ಒಂದು ಸಾವಿರ ಇಳಿದಿದೆ. ಇಳಿಕೆ ಸಣ್ಣದು, ಅದರ ಒಂದು ಪಾಲು ಹೆಸರು ಹೇಳುವ ರೀತಿಯಿಂದಲೂ ಆಗಿರಬಹುದು. ಆದರೆ ಎಮಿನೊ ವಿವರಿಸಿದ ಮೂರು ಪದರಗಳ ಸ್ವರಗಳು ನಂತರ ಬಂದ ಧ್ವನಿವಿಜ್ಞಾನಿಗಳಿಗೆ ಎಲ್ಲ ಮಾತುಗಾರರ ಬಾಯಲ್ಲಿಯೂ ಸಿಕ್ಕಲಿಲ್ಲವೆಂಬುದು ಸಂಖ್ಯೆಯ ಇಳಿಕೆಗಿಂತ ಗಂಭೀರವಾದ ಸುದ್ದಿ. ಬಾಯಿ, ಬಳೆ, ಬೆಳೆ ಎಂಬ ಮೂರೂ ಪದಗಳನ್ನು ಸ್ವರದಿಂದಲೇ ಬೇರೆಮಾಡಿ ಹೇಳಬಲ್ಲವರು ಯಾವ ಊರುಗಳಲ್ಲಿ, ಯಾವ ವಯಸ್ಸಿನವರಲ್ಲಿ ಉಳಿದಿದ್ದಾರೆ. ಉಳಿದವರಲ್ಲಿ ಅರೆಮೂರ್ಧನ್ಯ ಯಾವುದರೊಡನೆ ಬೆರೆತುಹೋಗಿದೆ. ತಮಿಳಿನ ಳಕಾರ ಎರವಲು ಪದಗಳ ಮೂಲಕ ಮರಳಿ ಬಂದು ಈ ವ್ಯವಸ್ಥೆಯನ್ನು ಹೇಗೆ ಕದಲಿಸಿದೆ ಎಂಬ ಪ್ರಶ್ನೆಗಳಿಗೆ ನಾಲ್ಕೂ ನಾಡುಗಳನ್ನು ಒಳಗೊಂಡ ಧ್ವನಿಮುದ್ರಿತ ಅಧ್ಯಯನವೊಂದು ಬೇಕು. ಕನ್ನಡ ಬಲ್ಲ ಸಂಶೋಧಕರಿಗೆ ಪದಗಳ ಗುರುತು ಹತ್ತುವುದು ಸುಲಭ, ತಮಿಳು ಬಲ್ಲವರಿಗೆ ಮನೆಬಾಗಿಲು ತೆರೆಯುವುದು ಸುಲಭ. ಬಡಗವನ್ನೇ ಮನೆಮಾತಾಗಿ ಉಳ್ಳ ವಿದ್ಯಾರ್ಥಿಗಳು ಈ ಕೆಲಸಕ್ಕೆ ಇಳಿದರೆ ಎರಡೂ ಒಟ್ಟಿಗೆ ದೊರೆಯುತ್ತವೆ. ಹಿರಿಯ ತಲೆಮಾರಿನ ಮಾತುಗಾರರು ಇರುವ ಈ ವರ್ಷಗಳಲ್ಲಿಯೇ ಅದು ಆಗಬೇಕಾದ ಕೆಲಸ.